ಸೋಮಾ ಬಾನಾವಳಿಯ ಸೆಟ್ಟು

ಬೈತಖೋಲದ ಮಂಜುಗಡ್ಡೆ ಕಾರ್ಖಾನೆಯ ಹಿಂದೆ
ನನ್ನ ಅಂಗಡಿ. ಬೋರ್ಡಿಲ್ಲ.
ಉಪ್ಪು ತಿಂದ ಸೆಟ್ಟುಗಳು ದಾರಿ ಕೇಳಿಕೊಂಡು ಬರುತ್ತವೆ,
ಕೆಲವು ಗೋಣಿಚೀಲದಲ್ಲಿ, ಒಂದು ಸಲ ಮೀನಿನ ಬುಟ್ಟಿಯಲ್ಲಿ,
ಸ್ಪೀಕರಿನ ಜಾಲರಿಗೆ ತಾರ್ಲೆಯ ಹುರುಪೆ ಅಂಟಿಸಿಕೊಂಡು.

ಕೆಲಸ ಕಲಿಸಿದವರು ಹವಾಲ್ದಾರ ಉಮಾಕಾಂತ ಗುನಗಿ.
ಫೌಜಿನಲ್ಲಿ ಹೇಸರಗತ್ತೆಯ ಬೆನ್ನಿಗೆ
ವಾಲ್ವಿನ ಪೆಟ್ಟಿಗೆ ಬಿಗಿದು ಹಿಮ ಹತ್ತಿದವರು.
"ಮೊದಲು ಬರೇ ಕಟ್ಟು-ಕಡ, ಚುಕ್ಕೆ-ಗೀಟು.
ಆಮೇಲೆ ದನಿ ಬಂತು.
ದನಿಯ ಹಿಂದೆಯೇ ಸುಳ್ಳು ಬಂತು"
ಅನ್ನುತ್ತಿದ್ದರು, ಬೆಸುಗೆಯ ಹೊಗೆಗೆ ಕಣ್ಣು ಕಿರಿದು ಮಾಡಿ.
ಅವರ ಅಜ್ಜನ ಕಾಲಕ್ಕೆ ದೋಣಿಯಿಂದ ದೋಣಿಗೆ
ಶಂಖ, ಸೂಡಿಯ ಬೆಂಕಿ, ಹುಟ್ಟಿಗೆ ಕಟ್ಟಿದ ಪಂಚೆ.
ಆ ಭಾಷೆಯಲ್ಲಿ ಮೂರೇ ಮಾತು:
ಬಾ. ಬರಬೇಡ. ಸತ್ತೆ.

"ಗುಂಡಿ ಒತ್ತಿದಾಗ ನೀನು ಕಿವುಡ,
ಬಿಟ್ಟಾಗ ಮೂಕ. ನೆನಪಿಡು."
ಅವರು ಕಲಿಸಿದ ಥಿಯರಿ ಇಷ್ಟೇ.

ಆರು ಮೈಲಿ ದಾಟಿದರೆ ಮೊಬೈಲು ಬರೀ ಟಾರ್ಚು.
ಹಾಗಾಗಿ ಚಾನೆಲ್ಲು ಅಂದರೆ ಕಡಲಿನ ಬಾವಿಕಟ್ಟೆ,
ಒಬ್ಬರಿಗೆ ಹೇಳಿದ್ದು ನಲವತ್ತು ಕಿವಿಗೆ.
ಮೀನು ಸಿಕ್ಕವರು ಸಿಕ್ಕಿತು ಅನ್ನುವುದುಂಟೆ?
ಒಗಟು ಕಟ್ಟುತ್ತಾರೆ.
ಅದರಲ್ಲಿ ಸೋಮಾ ಬಾನಾವಳಿ ಪಂಡಿತ.
'ನೆಂಟರು ಬಂದರು' ಅಂದರೆ ಬಂಗಡೆಯ ಹಿಂಡು.
'ಅತ್ತೆಗೆ ಜ್ವರ' ಅಂದರೆ ಬಲೆ ಹರಿದಿದೆ.
'ಒಳಗೆ ನೀರು' ಅಂದರೆ ಬಲೆ ಖಾಲಿ, ನೀರು ಬಿಟ್ಟರೆ ಏನಿಲ್ಲ.
ದಿಕ್ಕಂತೂ ಹುಟ್ಟಿದಾಗಿನಿಂದ ಖರೆ ಹೇಳಿದವನಲ್ಲ.

ಖೇಮು ದುರ್ಗೇಕರ ಅವನ ಮಾತು ನಂಬಿ
ಒಂದು ಹಂಗಾಮು ಪೂರ್ತಿ ಡೀಸೆಲ್ ಸುಟ್ಟ.
ಧಕ್ಕೆಯಲ್ಲಿ ಎದುರಾದರೆ ಉಗುಳುತ್ತಿದ್ದ,
ಗಾಳಿ ನೋಡಿಕೊಂಡು.

ಆ ಶುಕ್ರವಾರ ಮಧ್ಯಾಹ್ನವೇ ಕತ್ತಲೆ.
ನನ್ನ ಮೇಜಿನ ಸೆಟ್ಟಿನಲ್ಲಿ ಸೋಮನ ದನಿ:
"ಒಳಗೆ ನೀರು ಬರ್ತಿದೆ."
ಯಾರೋ ನಕ್ಕರು. "ಕುಡಿ, ಬಾಯಾರಿಕೆ ಕಮ್ಮಿಯಾಗ್ತದೆ. ಓವರ್."
ಮತ್ತೆ ಅವನು: "ಅಣ್ಣಾ, ನೀರು. ನೀರು ಅಂದ್ರೆ ನೀರು."
ಈ ಒಗಟಿಗೆ ಯಾರ ಬಳಿಯೂ ಅರ್ಥವಿರಲಿಲ್ಲ.

ಅಷ್ಟರಲ್ಲಿ ಅವನ ಗುಂಡಿ ಸಿಕ್ಕಿಕೊಂಡಿತು.

ಎರಡು ವಾರದ ಹಿಂದೆಯೇ ತಂದು ತೋರಿಸಿದ್ದ,
ಸ್ಪ್ರಿಂಗು ಸತ್ತಿದೆ ಅಂತ.
ಸೋಮವಾರ ಮಾಡ್ತೇನೆ ಅಂದಿದ್ದೆ.
ಎರಡು ಸೋಮವಾರ ಕಳೆದಿದ್ದವು.

ಗುಂಡಿ ಮೇಲೇಳಲಿಲ್ಲ, ಚಾನೆಲ್ಲು ಮುಚ್ಚಿತು.
ನಗುವುದಕ್ಕೂ ಯಾರಿಗೂ ಸಂದಿಯಿಲ್ಲ.
ಇಡೀ ಕಡಲು ಕಿವಿಯಾಗಿ ಕೇಳಿಸಿಕೊಂಡಿತು:
ಪಂಪಿನ ಏದುಸಿರು, ಇಂಜಿನ್ನು ಕೆಮ್ಮಿ ನಿಂತದ್ದು,
ಡಬ್ಬಿಗಳು ತೇಲಿ ಹಲಗೆಗೆ ಬಡಿಯುವುದು,
"ಹುಡುಗನಿಗೆ ಜಾಕೆಟ್ಟು ಹಾಕೋ, ನನಗೆ ಬೇಡ,"
ಆಮೇಲೆ ಯಾರೋ ದೇವರ ಹೆಸರು
ತಪ್ಪು ತಪ್ಪಾಗಿ ಹೇಳುವುದು.

ಹದಿನಾರಕ್ಕೆ ತಿರುಗಿಸಿ ಕೂಗಿದೆ: ಅದು ಒಗಟಲ್ಲ!
ಖೇಮುವಿನ ದನಿ ಬಂತು, ಒಣಗಿದ ಸುಂಗಟದಂತೆ:
"ಗೊತ್ತು. ಬೆಳಿಗ್ಗೆ ಎಲ್ಲಿದ್ದೇನೆ ಅಂದಿದ್ದ?"
"ದೇವಗಡ ದೀಪದ ದಕ್ಷಿಣಕ್ಕೆ, ಒಂಬತ್ತು ಮೈಲಿ."
"ಹಾಗಾದ್ರೆ ಉತ್ತರಕ್ಕೆ.
ಒಂಬತ್ತು ಅಂದ್ರೆ ಹದಿನಾಲ್ಕು. ಓವರ್."

ಅಷ್ಟು ಕಾಲ ಅವನಿಂದ ಮೋಸಹೋದವನು ಬಿಟ್ಟರೆ
ಬೇರೆ ಯಾರಿಗೂ ಆ ಲೆಕ್ಕ ಬರುತ್ತಿರಲಿಲ್ಲ.

ಏಳು ಜನರೂ ಬಂದರು, ರಾತ್ರಿ ಹನ್ನೊಂದಕ್ಕೆ,
ತಣ್ಣಗೆ ನಡುಗುತ್ತ, ಯಾರ ಮುಖವನ್ನೂ ನೋಡದೆ.
ಸೆಟ್ಟು ಬರಲಿಲ್ಲ. ದೋಣಿಯ ಜೊತೆಗೇ ಹೋಯಿತು,
ಗುಂಡಿ ಇನ್ನೂ ಒತ್ತಿಕೊಂಡೇ ಇತ್ತೇನೋ.
ಸ್ಪ್ರಿಂಗು ಹಾಕಿದ್ದರೆ ಏನಾಗುತ್ತಿತ್ತು ಎಂದು
ನಾನು ಲೆಕ್ಕ ಹಾಕಲು ಹೋಗುವುದಿಲ್ಲ,
ಹೋದರೂ ಎರಡು ಕಡೆಯೂ ಉತ್ತರ ಸಿಗುತ್ತದೆ.

ಈಗ ಅವನು ಸಾಲದ ದೋಣಿಯಲ್ಲಿ.
ಹೊಸ ಸೆಟ್ಟು ನಾನೇ ಜೋಡಿಸಿದೆ, ದುಡ್ಡು ಕೇಳಲಿಲ್ಲ.
ನಿನ್ನೆ ಬೆಳಿಗ್ಗೆ ಅವನ ದನಿ, ಹಳೇ ಗತ್ತು:
"ದಕ್ಷಿಣದಲ್ಲಿದ್ದೇನೆ, ಮೀನಿನ ವಾಸನೆಯೂ ಇಲ್ಲ. ಓವರ್."
ಖೇಮು ಏನೂ ಅನ್ನಲಿಲ್ಲ.
ಅವನ ದೋಣಿ ನಿಧಾನಕ್ಕೆ
ಉತ್ತರಕ್ಕೆ ಮೂತಿ ತಿರುಗಿಸಿತು.